48, ಎಲಿಜಬೆತ್ ಸ್ಟ್ರೀಟ್: ಒಂದು ಹಿತ್ತಲಿನ ಲೆಕ್ಕ

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ 48, ಎಲಿಜಬೆತ್ ಸ್ಟ್ರೀಟ್ ಎಂಬ ವಿಳಾಸದ ಮನೆಯೊಂದಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿದ್ದ ಯಜಮಾನರ ಕುಟುಂಬದಲ್ಲಿ 3 ಜನ: ವಿಲಿಯಂ ಏಕಿನ್, ಪತ್ನಿ ಹ್ಯಾರಿಯೆಟ್, ಮಗಳು ಹೆನ್ರಿಯೆಟಾ. ಈ ಮೂವರಿಗಾಗಿ ಹಿತ್ತಲಿನಲ್ಲಿ ಇರಿಸಿಕೊಂಡಿದ್ದ ಗುಲಾಮರ ಸಂಖ್ಯೆ ಒಂದು ಹಂತದಲ್ಲಿ 19ರವರೆಗೆ ಮುಟ್ಟಿತ್ತು. ಯಜಮಾನರ ಮನೆಯ ಒಬ್ಬೊಬ್ಬರಿಗೂ ಆರು ಮಂದಿಗಿಂತ ಹೆಚ್ಚು. ಅಡುಗೆ, ಬಟ್ಟೆ ಒಗೆತ, ಹೊಲಿಗೆ, ಕುದುರೆ, ಸಾರೋಟು, ತೋಟ, ಮರಗೆಲಸ, ಎಲ್ಲವೂ ಅವರ ಪಾಲಿನದು. ಈ ಮನೆ ಇಂದು ಏಕಿನ್-ರೆಟ್ ಹೌಸ್ ಎಂಬ ಹೆಸರಿನ ವಸ್ತುಸಂಗ್ರಹಾಲಯ. ಗುಲಾಮಗಿರಿ ಎಂದರೆ ಹತ್ತಿಯ ಹೊಲ, ಕಬ್ಬಿನ ಗದ್ದೆ ಎಂದಷ್ಟೇ ತಿಳಿದವರಿಗೆ ಅದರ ನಗರದ ಲೆಕ್ಕ ಸಿಗುವುದು ಇಂಥ ಕಡೆ.

ಕಟ್ಟಡದ ಇತಿಹಾಸವನ್ನು ಕೆಲವೇ ವರ್ಷಗಳಲ್ಲಿ ಹೇಳಿಬಿಡಬಹುದು. 1820ರಲ್ಲಿ ಜಾನ್ ರಾಬಿನ್ಸನ್ ಎಂಬ ವರ್ತಕ ಕಟ್ಟಿಸಿದ್ದು. 1825ರಲ್ಲಿ ಅವನ 5 ಹಡಗುಗಳು ಸಮುದ್ರದ ಪಾಲಾದವು. ಮನೆ ಕೈಬಿಟ್ಟು 1827ರಲ್ಲಿ ಹಿರಿಯ ಏಕಿನ್‌ಗೆ ಸೇರಿತು. 1833ರಲ್ಲಿ ಮಗ ವಿಲಿಯಂಗೆ ಬಂತು. 1844ರಿಂದ 1846ರವರೆಗೆ ರಾಜ್ಯದ ಗವರ್ನರ್ ಆಗಿದ್ದವನು ಇವನೇ. ಅಲ್ಲಿಂದ 142 ವರ್ಷ, ಅಂದರೆ 1975ರವರೆಗೆ, ಮನೆ ಒಂದೇ ವಂಶದಲ್ಲಿ ಉಳಿಯಿತು. 1995ರಲ್ಲಿ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಶನ್ ಅದನ್ನು ಕೊಂಡಿತು. ಗೋಡೆಗೆ ಹೊಸ ಬಣ್ಣ ಬಳಿದು ಹಳೆಯ ವೈಭವವನ್ನು ಮರಳಿ ಕಟ್ಟುವ ಬದಲು, ಸಿಕ್ಕ ಸ್ಥಿತಿಯಲ್ಲೇ ಕಾಪಾಡುವ ನಿರ್ಧಾರವನ್ನು ಆ ಸಂಸ್ಥೆ ಕೈಗೊಂಡಿತು. ಈ ನಿರ್ಧಾರದ ಮುಖ್ಯ ಲಾಭ ದಿವಾನಖಾನೆಗೆ ಆಗಿಲ್ಲ, ಹಿತ್ತಲಿಗೆ ಆಗಿದೆ. ನಗರದ ಬಹುತೇಕ ಹಳೆಯ ಮನೆಗಳಲ್ಲಿ ಹಿಂಬದಿಯ ಕಟ್ಟಡಗಳು ಬಿದ್ದುಹೋಗಿವೆ, ಇಲ್ಲವೇ ಬೇರೆ ಬಳಕೆಗೆ ಬದಲಾಗಿವೆ. ಇಲ್ಲಿ ಅವು ನಿಂತಿವೆ.

ಹಿತ್ತಲಿನಲ್ಲಿ ಮುಖಾಮುಖಿಯಾಗಿ 2 ಕಟ್ಟಡಗಳು, ಎರಡಕ್ಕೂ 2 ಅಂತಸ್ತು. ಒಂದರ ಕೆಳಗೆ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಕೋಣೆ. ಇನ್ನೊಂದರ ಕೆಳಗೆ ಕುದುರೆ ಲಾಯ ಮತ್ತು ಸಾರೋಟಿನ ಕೊಟ್ಟಿಗೆ. ಎರಡರ ಮೇಲಂತಸ್ತಿನಲ್ಲೂ ಗುಲಾಮರು ಮಲಗುತ್ತಿದ್ದ ಕೋಣೆಗಳಿವೆ. ಕೆಲವು ಕೋಣೆಗಳ ಗೋಡೆಯಲ್ಲಿ ಅಂದಿನ ಗಾಢ ಬಣ್ಣಗಳ ಕುರುಹು ಈಗಲೂ ಕಾಣುತ್ತದೆ. ಕೆಲಸದ ಜಾಗಕ್ಕೂ ಮಲಗುವ ಜಾಗಕ್ಕೂ ನಡುವಿನ ದೂರ ಒಂದು ಮೆಟ್ಟಿಲ ಸಾಲು. ಮಲಗುವ ಜಾಗಕ್ಕೂ ಯಜಮಾನನ ಹಿಂಬಾಗಿಲಿಗೂ ನಡುವೆ ಒಂದು ಅಂಗಳ. ತೋಟಗಳಲ್ಲಿ ಗುಲಾಮರ ಗುಡಿಸಲುಗಳ ಸಾಲು ಯಜಮಾನನ ಮನೆಯಿಂದ ದೂರದಲ್ಲಿ ಇರುತ್ತಿತ್ತು. ನಗರದಲ್ಲಿ ಆ ದೂರವಿಲ್ಲ. ಅಂಗಳದ ಸುತ್ತ ಗೋಡೆಯಿದೆ. ನಗರದ ಗುಲಾಮಗಿರಿ ಹೆಚ್ಚು ಸಡಿಲವಾಗಿತ್ತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಅಂಗಳದ ಅಳತೆ ಆ ಮಾತನ್ನು ಒಪ್ಪುವುದಿಲ್ಲ.

19 ಜನರೂ ಯಾರ್‍ಯಾರು? ಆ್ಯನ್ ಗ್ರೆಗ್ಸ್ ಮತ್ತು ಮಗ ಹೆನ್ರಿ, ಡಾರ್ಕಸ್ ಮತ್ತು ಸ್ಯಾಂಬೊ ರಿಚರ್ಡ್‌ಸನ್ ದಂಪತಿ ಮತ್ತು ಅವರ ಮಕ್ಕಳು, ಚಾರ್ಲ್ಸ್ ಜಾಕ್ಸನ್, ಆಂಥೊನಿ ಬಾರ್ನ್‌ವೆಲ್, ವಿಲ್ ಮತ್ತು ಜೇಕಬ್ ಎಂಬ ಬಡಗಿಗಳು: ಇಂಥ ಕೆಲವೇ ಹೆಸರುಗಳು ದಾಖಲೆಯಲ್ಲಿ ಉಳಿದಿವೆ. ಹೆಸರು ಕಡಿಮೆಯಾಗಲು ಆಡಳಿತದ ಕಾರಣವೂ ಇದೆ. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ ಇತ್ತು. ಅದರಲ್ಲಿ ಯಜಮಾನನ ಹೆಸರು, ಅದರ ಕೆಳಗೆ ಒಬ್ಬೊಬ್ಬರಿಗೆ ಒಂದು ಸಾಲು: ವಯಸ್ಸು, ಲಿಂಗ, ಮೈಬಣ್ಣ. ಹೆಸರಿಗೆ ಕಾಲಮ್ಮೇ ಇರಲಿಲ್ಲ. 1860ರಲ್ಲಿ ದೇಶದ ಗುಲಾಮರ ಸಂಖ್ಯೆ 39,53,760. ಆ ಜನರನ್ನು ಇತರರಂತೆ ಹೆಸರು ಹಿಡಿದು ಎಣಿಸಿದ ಮೊದಲ ಜನಗಣತಿ 1870ರದ್ದು.

ನಗರದ ಒಟ್ಟು ಲೆಕ್ಕ ಹೀಗಿದೆ. ಮನೆ ಕಟ್ಟಿದ 1820ರಲ್ಲಿ ಚಾರ್ಲ್ಸ್‌ಟನ್‌ನ ಜನಸಂಖ್ಯೆ 24,780. ಅದರಲ್ಲಿ ಗುಲಾಮರು 12,652, ಅಂದರೆ ಶೇ. 51.1. ಬಿಳಿಯರು 10,653, ಸ್ವತಂತ್ರ ಕಪ್ಪು ಜನ 1,475. ಗುಲಾಮರ ಪಾಲು 1830ರಲ್ಲಿ ಶೇ. 50.7, 1840ರಲ್ಲಿ ಶೇ. 50.1. ಮೂರು ಗಣತಿಗಳಲ್ಲೂ ಊರಿನಲ್ಲಿ ಕಣ್ಣಿಗೆ ಬೀಳುವ ಪ್ರತಿ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಆಸ್ತಿ. ಬಂದರು, ಮಾರುಕಟ್ಟೆ, ಅಡುಗೆಮನೆ, ಕಟ್ಟಡದ ಕೆಲಸ, ಎಲ್ಲ ಕಡೆಯೂ ದುಡಿಮೆ ಇವರದೇ ಆಗಿತ್ತು.

ಇಷ್ಟು ಜನ ಬಂದದ್ದು ಎಲ್ಲಿಂದ ಎನ್ನುವುದಕ್ಕೆ ಮನೆಯಿಂದ ಸುಮಾರು 1 ಕಿ.ಮೀ. ದೂರದ ಗ್ಯಾಡ್ಸ್‌ಡನ್ ಹಡಗುಕಟ್ಟೆಯೇ ಒಂದು ಉತ್ತರ. ದಕ್ಷಿಣ ಕ್ಯಾರೊಲಿನಾ 1803ರ ಕೊನೆಯಲ್ಲಿ ಆಫ್ರಿಕಾದಿಂದ ಗುಲಾಮರ ಆಮದಿಗೆ ಮತ್ತೆ ಬಾಗಿಲು ತೆರೆಯಿತು. 1808ರ ಜನವರಿ 1ರಿಂದ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂತು. ನಡುವಿನ 4 ವರ್ಷಗಳಲ್ಲಿ ಚಾರ್ಲ್ಸ್‌ಟನ್ ಸುಂಕದ ಕಚೇರಿಯ ಲೆಕ್ಕದ ಪ್ರಕಾರ 202 ಹಡಗುಗಳಲ್ಲಿ 39,075 ಜನ ಬಂದಿಳಿದರು. ಹಡಗಿಗೆ ಸರಾಸರಿ 193. ಇಡೀ ಅಟ್ಲಾಂಟಿಕ್ ವ್ಯಾಪಾರದ ಅವಧಿಯಲ್ಲಿ ಉತ್ತರ ಅಮೆರಿಕದ ಮುಖ್ಯ ಭೂಮಿಗೆ ಆಫ್ರಿಕಾದಿಂದ ನೇರವಾಗಿ ತಂದವರ ಅಂದಾಜು 3,88,000. ಅದರ ಹತ್ತನೇ ಒಂದು ಪಾಲಿನಷ್ಟು ಜನ ಒಂದೇ ಬಂದರಿಗೆ 4 ವರ್ಷದಲ್ಲಿ ಬಂದಿದ್ದಾರೆ. ನಿಷೇಧ ಬರುವುದೆಂದು ಗೊತ್ತಿದ್ದೇ ಮಾಡಿದ ದಾಸ್ತಾನು ಇದು.

ಏಕಿನ್ ಮನೆಯ ಖರ್ಚು ನಡೆದದ್ದು ನಗರದ ಆದಾಯದಿಂದಲ್ಲ. ಎಡಿಸ್ಟೊ ನದಿಯ ಜೆಹೊಸಿ ದ್ವೀಪದಲ್ಲಿ ಅವನ ಭತ್ತದ ತೋಟವಿತ್ತು. 1850ರ ಹೊತ್ತಿಗೆ ಅಲ್ಲಿನ ವಾರ್ಷಿಕ ಉತ್ಪನ್ನ 15 ಲಕ್ಷ ಪೌಂಡ್ ಅಕ್ಕಿ, ಅಂದರೆ ಸುಮಾರು 680 ಟನ್. 1860ರಲ್ಲಿ ಅಲ್ಲಿ ದುಡಿಯುತ್ತಿದ್ದ ಗುಲಾಮರು ಸುಮಾರು 700. ಹಿತ್ತಲಿನ 19 ಜನರ ಪಕ್ಕದಲ್ಲಿ ಈ 700ನ್ನು ಇಟ್ಟು ನೋಡಬೇಕು: ಮನೆಯಲ್ಲಿ ಕಾಣುವ ಒಬ್ಬೊಬ್ಬರ ಹಿಂದೆ ಕಾಣದ 37 ಜನ. 1857-58ರಲ್ಲಿ ದಂಪತಿ ಯೂರೋಪ್ ಸುತ್ತಿ ಬಂದು ಮನೆಗೆ ಸೇರಿಸಿದ ಕಲಾ ಗ್ಯಾಲರಿ ಇಂದೂ ಪ್ರವಾಸಿಗರು ನಿಲ್ಲುವ ಕೋಣೆ. ಅಲ್ಲಿನ ಅಮೃತಶಿಲೆಗೆ ಹಣ ಒದಗಿಸಿದ್ದು ಸೊಂಟದವರೆಗೆ ಕೆಸರಿನಲ್ಲಿ ನಿಂತ ಜನರ ದುಡಿಮೆ.

ನಗರಕ್ಕೆ ಮಾತ್ರ ವಿಶಿಷ್ಟವಾದ ಇನ್ನೊಂದು ಆದಾಯವಿತ್ತು: ಬಾಡಿಗೆ. ಯಜಮಾನ ತನ್ನ ಗುಲಾಮನನ್ನು ದಿನ, ತಿಂಗಳು ಅಥವಾ ವರ್ಷದ ಲೆಕ್ಕದಲ್ಲಿ ಬೇರೆಯವರಿಗೆ ಕೊಟ್ಟು ಹಣ ಪಡೆಯುವ ಪದ್ಧತಿ ಇದು. ಚಾರ್ಲ್ಸ್‌ಟನ್ ನಗರಸಭೆ ಇದಕ್ಕೆ ಪರವಾನಗಿ ವ್ಯವಸ್ಥೆ ಮಾಡಿತ್ತು. 1800ರಿಂದ 1865ರವರೆಗೆ, ಬಾಡಿಗೆಗೆ ಹೋಗುವ ಗುಲಾಮರಿಗೆ ತಾಮ್ರದ ಬಿಲ್ಲೆ ಕಡ್ಡಾಯ. ಬಿಲ್ಲೆಯ ಮೇಲೆ ನಗರದ ಹೆಸರು, ವರ್ಷ, ಕ್ರಮಸಂಖ್ಯೆ ಮತ್ತು ಕಸುಬು: ಸೇವಕ, ಕೂಲಿ, ಕುಶಲಕರ್ಮಿ, ಮೀನುಗಾರ, ಹಣ್ಣಿನ ವ್ಯಾಪಾರಿ. ವ್ಯಕ್ತಿಯ ಹೆಸರಿಗೆ ಇಲ್ಲೂ ಜಾಗವಿಲ್ಲ. ಅವಧಿ 1 ವರ್ಷ. ನವೀಕರಣಕ್ಕೆ ಪ್ರತಿ ವರ್ಷ ಶುಲ್ಕ. ಶುಲ್ಕ ಕಸುಬಿನ ಪ್ರಕಾರ ಹೆಚ್ಚು ಕಡಿಮೆ. ಲೋಹದ ಬಿಲ್ಲೆಗಳ ವ್ಯವಸ್ಥೆ ಇಷ್ಟು ಕ್ರಮವಾಗಿ ನಡೆದದ್ದಕ್ಕೆ ಕುರುಹು ಉಳಿದಿರುವುದು ಈ ಒಂದು ನಗರದಲ್ಲಿ. ದುಡಿದವನ ಸಂಪಾದನೆ ಯಜಮಾನನಿಗೆ, ಅನುಮತಿಯ ಶುಲ್ಕ ನಗರಸಭೆಗೆ.

ಬೆಲೆಯ ಅಂದಾಜಿಗೆ ಒಂದು ಅಂಕಿ. 1860ರಲ್ಲಿ ನ್ಯೂ ಆರ್ಲಿಯನ್ಸ್ ಮಾರುಕಟ್ಟೆಯಲ್ಲಿ ಹೊಲದ ಕೆಲಸಕ್ಕೆ ಬೇಕಾದ ದೃಢಕಾಯ ಯುವಕನ ದರ ಸುಮಾರು 1,800 ಡಾಲರ್. ಆಗ ಸ್ವತಂತ್ರ ಕೂಲಿಯ ದಿನಗೂಲಿ ಸುಮಾರು 1 ಡಾಲರ್. ವರ್ಷಕ್ಕೆ 300 ದಿನ ಕೆಲಸ ಎಂದರೆ ಈ ಬೆಲೆ 6 ವರ್ಷದ ಕೂಲಿ. ವಾರ್ಷಿಕ ಬಾಡಿಗೆ ಬೆಲೆಯ ಶೇ. 10 ಎಂದು ಹಿಡಿದರೆ 180 ಡಾಲರ್. 10 ವರ್ಷಕ್ಕೆ ಬಂಡವಾಳ ಮರಳಿ ಬಂದು, ನಂತರದ್ದೆಲ್ಲ ಲಾಭ. ಅದರ ಮೇಲೆ ಹೆಣ್ಣಾಳಿನ ಮಕ್ಕಳೂ ಹುಟ್ಟಿನಿಂದಲೇ ಯಜಮಾನನ ಆಸ್ತಿ ಎಂಬುದು ಕಾನೂನು.

ಎಲ್ಲರ ಬೆಲೆಯೂ ಅಷ್ಟಿರಲಿಲ್ಲ. ಪಕ್ಕದ ಜಾರ್ಜಿಯಾದ ಸವಾನಾ ನಗರದಲ್ಲಿ 1859ರ ಮಾರ್ಚ್ 2 ಮತ್ತು 3ರಂದು ಪಿಯರ್ಸ್ ಬಟ್ಲರ್ ಎಂಬವನ ಸಾಲ ತೀರಿಸಲು ನಡೆದ ಹರಾಜಿನಲ್ಲಿ 429 ಜನ ಮಾರಾಟವಾದರು. ಬಂದ ಮೊತ್ತ 3,03,850 ಡಾಲರ್. ತಲೆಗೆ ಸರಾಸರಿ 708. ಸರಾಸರಿ ಇಷ್ಟು ಕೆಳಗಿಳಿದದ್ದು ಮಕ್ಕಳು ಮತ್ತು ವಯಸ್ಸಾದವರೂ ಅದರಲ್ಲಿ ಸೇರಿದ್ದರಿಂದ. ದೇಶದ ಅತಿ ದೊಡ್ಡ ಹರಾಜು ಇದೇ ಎಂದು ಬಹುಕಾಲ ಎಣಿಸಲಾಗಿತ್ತು. ಈಚೆಗೆ ಹಳೆಯ ಪತ್ರಿಕೆಯೊಂದರ ಜಾಹೀರಾತಿನಿಂದ, 1835ರಲ್ಲಿ ಚಾರ್ಲ್ಸ್‌ಟನ್‌ನಲ್ಲೇ 600 ಜನರನ್ನು ಹರಾಜಿಗೆ ಇಟ್ಟಿದ್ದ ಸಂಗತಿ ಬೆಳಕಿಗೆ ಬಂದಿದೆ. ಆಗ ವಿಲಿಯಂ ಏಕಿನ್ ಈ ಮನೆಯನ್ನು ವಿಸ್ತರಿಸುತ್ತಿದ್ದ.

ಬಿಡುಗಡೆಗೂ ದರವಿತ್ತು. ಡೆನ್ಮಾರ್ಕ್ ವೆಸಿ ಎಂಬ ಬಡಗಿ 1799ರಲ್ಲಿ ನಗರದ ಲಾಟರಿಯಲ್ಲಿ 1,500 ಡಾಲರ್ ಗೆದ್ದ. ಅದರಲ್ಲಿ 600, ಅಂದರೆ ಶೇ. 40, ಕೊಟ್ಟು ತನ್ನನ್ನು ತಾನು ಕೊಂಡುಕೊಂಡ. ಈ ದಾರಿಯೂ 1820ರಲ್ಲಿ ಮುಚ್ಚಿತು. ಆ ವರ್ಷದಿಂದ ಗುಲಾಮನನ್ನು ಬಿಡುಗಡೆ ಮಾಡಲು ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕಾಯಿತು. 1822ರಲ್ಲಿ ದಂಗೆಯ ಸಂಚಿನ ಆರೋಪದ ಮೇಲೆ 131 ಜನರನ್ನು ಹಿಡಿದರು; ವೆಸಿ ಸೇರಿ 35 ಜನರನ್ನು ಗಲ್ಲಿಗೇರಿಸಿದರು. ಅದೇ ವರ್ಷ ನಗರಕ್ಕೆ 150 ಜನರ ಕಾವಲು ಪಡೆಯನ್ನು ಮಂಜೂರು ಮಾಡಿದರು. ಅದಕ್ಕಾಗಿ ಎದ್ದ ಶಸ್ತ್ರಾಗಾರದ ಜಾಗದಲ್ಲೇ 1842ರಲ್ಲಿ ಸಿಟಡೆಲ್ ಸೈನಿಕ ಕಾಲೇಜು ಸ್ಥಾಪನೆಯಾಯಿತು. ಆ ಹಳೆಯ ಕಟ್ಟಡ ಏಕಿನ್ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. 1825ರಲ್ಲಿ ನಗರದ ವರ್ಕ್‌ಹೌಸ್ ಎಂಬ ಶಿಕ್ಷಾಗೃಹಕ್ಕೆ ತುಳಿಯುವ ಗಾಣವನ್ನು ತಂದರು. ತನ್ನ ಕೈಯಾರೆ ಹೊಡೆಯಲು ಇಷ್ಟವಿಲ್ಲದ ಯಜಮಾನ ಗುಲಾಮನನ್ನು ಅಲ್ಲಿಗೆ ಕಳಿಸಿ, ಶುಲ್ಕ ಕಟ್ಟಿ ಶಿಕ್ಷೆ ಕೊಡಿಸಬಹುದಿತ್ತು.

ಅಕ್ಷರಕ್ಕೂ ದಂಡವಿತ್ತು. 1834ರ ಕಾನೂನಿನಂತೆ ಗುಲಾಮರಿಗೆ ಓದು ಕಲಿಸಿದ ಬಿಳಿಯರಿಗೆ 100 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಸೆರೆ. ಕಲಿಸಿದವನು ಗುಲಾಮನಾದರೆ 50 ಛಡಿಯೇಟಿನವರೆಗೆ. ಇದೇ ನಗರದ 51, ಮೀಟಿಂಗ್ ಸ್ಟ್ರೀಟ್‌ನ ನಥಾನಿಯಲ್ ರಸೆಲ್ ಹೌಸ್ ಇನ್ನೊಂದು ಮನೆ-ಮ್ಯೂಸಿಯಂ. 1808ರಲ್ಲಿ ಕಟ್ಟಿದ್ದು, ವೆಚ್ಚ 80,000 ಡಾಲರ್ ಎಂದು ಹೇಳಲಾಗುತ್ತದೆ. ವೆಸಿ ತನ್ನ ಬಿಡುಗಡೆಗೆ ಕೊಟ್ಟ ಹಣದ 133 ಪಟ್ಟು. ಅಲ್ಲಿದ್ದ ಗುಲಾಮರು 18. ಅದರ ಅಡುಗೆಮನೆ ಕಟ್ಟಡದ ಗೋಡೆಯೊಳಗೆ, ಇಲಿಗಳು ಕಟ್ಟಿದ ಗೂಡಿನಲ್ಲಿ, ಓದು ಕಲಿಯುವ ಬಾಲಪಾಠದ ಹಾಳೆಯ ಚೂರು ಸಿಕ್ಕಿದೆ. ಯಾರ ಕೈಯಲ್ಲಿತ್ತೋ ದಾಖಲೆಯಿಲ್ಲ. ಆದರೆ ಆ ಅಡುಗೆಮನೆಯಲ್ಲಿ ದಿನ ಕಳೆಯುತ್ತಿದ್ದವರು ಯಾರೆಂಬುದು ಗೊತ್ತಿದೆ.

ಇನ್ನು ಈ ಲೆಕ್ಕದಲ್ಲಿ ಬಹಳ ಜನ ತಪ್ಪಾಗಿ ಓದುವ ಅಂಕಿಗೆ ಬರೋಣ. 1850ರಲ್ಲಿ ಚಾರ್ಲ್ಸ್‌ಟನ್‌ನ ಗುಲಾಮರು 19,532, ಜನಸಂಖ್ಯೆಯ ಶೇ. 45.4. 1860ರಲ್ಲಿ 13,909, ಶೇ. 34.3. ಹತ್ತು ವರ್ಷದಲ್ಲಿ 5,623 ಜನ ಕಡಿಮೆ, ಇಳಿಕೆ ಶೇ. 28.8. ಇದೇ ಅವಧಿಯಲ್ಲಿ ಬಿಳಿಯರು 20,012ರಿಂದ 23,376ಕ್ಕೆ, ಅಂದರೆ ಶೇ. 16.8ರಷ್ಟು ಏರಿದರು. (1840ರ ಅಂಕಿಯೊಂದಿಗೆ 1850ನ್ನು ನೇರವಾಗಿ ಹೋಲಿಸಬಾರದು. ಏಕಿನ್ ಮನೆ ಇರುವ ಉತ್ತರದ ‘ನೆಕ್’ ಪ್ರದೇಶ ನಗರದ ಎಲ್ಲೆಯೊಳಗೆ ಸೇರಿದ್ದು 1850ರ ಗಣತಿಗೆ ಸ್ವಲ್ಪ ಮುಂಚೆ.) ಇಳಿಕೆಯನ್ನು ನೋಡಿ, ನಗರದ ಗಾಳಿಯೇ ಗುಲಾಮಗಿರಿಯನ್ನು ಕರಗಿಸುತ್ತಿತ್ತು ಎಂದು ಹೇಳುವುದು ಸುಲಭ. ಇತಿಹಾಸಕಾರ ರಿಚರ್ಡ್ ವೇಡ್ 1964ರ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದನ್ನೇ ಮಂಡಿಸಿದರು: ನಗರದಲ್ಲಿ ಹತೋಟಿ ಕಷ್ಟ, ಆದ್ದರಿಂದ ಪದ್ಧತಿ ಅಲ್ಲಿ ಸವೆಯುತ್ತಿತ್ತು ಎಂದು.

ಇತರ ನಗರಗಳ ಅಂಕಿ ಇದಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ಅದೇ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಗುಲಾಮರು 17,011ರಿಂದ 13,385ಕ್ಕೆ ಇಳಿದರು, ಶೇ. 21.3 ಕಡಿಮೆ. ಆದರೆ ಸವಾನಾದಲ್ಲಿ 6,231ರಿಂದ 7,712ಕ್ಕೆ ಏರಿಕೆ, ಶೇ. 23.8. ರಿಚ್ಮಂಡ್‌ನಲ್ಲಿ 9,927ರಿಂದ 11,699ಕ್ಕೆ, ಶೇ. 17.9. ಮೊಬೀಲ್‌ನಲ್ಲಿ ಶೇ. 11.5 ಏರಿಕೆ. ತಂಬಾಕು ಕಾರ್ಖಾನೆ, ಕಬ್ಬಿಣದ ಕುಲುಮೆಗಳಿದ್ದ ರಿಚ್ಮಂಡ್‌ನಲ್ಲಿ ಗುಲಾಮರಿಗೆ ಬೇಡಿಕೆ ಹೆಚ್ಚುತ್ತಲೇ ಇತ್ತು. ನಗರ ಮತ್ತು ಗುಲಾಮಗಿರಿ ಒಂದಕ್ಕೊಂದು ಒಗ್ಗುವುದಿಲ್ಲ ಎನ್ನುವುದಾದರೆ ಈ ಮೂರು ನಗರಗಳು ಲೆಕ್ಕಕ್ಕೆ ಸಿಗುವುದಿಲ್ಲ.

ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ 1976ರಲ್ಲಿ ಕೊಟ್ಟ ಉತ್ತರ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಆಧರಿಸಿದೆ. ಬೆಲೆ ಏರಿದಾಗ ಕೊಳ್ಳುವವರು ಎಷ್ಟು ಬೇಗ ಹಿಂದೆ ಸರಿಯುತ್ತಾರೆ ಎಂಬುದರ ಅಳತೆ ಅದು. ಹೊಲದಲ್ಲಿ ಗುಲಾಮನಿಗೆ ಬದಲಿ ಇರಲಿಲ್ಲ. ನಗರದಲ್ಲಿ ಐರ್ಲೆಂಡ್, ಜರ್ಮನಿಯಿಂದ ಬಂದ ವಲಸೆ ಕೂಲಿಗಳು ಸಿಗುತ್ತಿದ್ದರು. ಆದ್ದರಿಂದ ಬೆಲೆ ಏರಿದೊಡನೆ ನಗರದ ಯಜಮಾನ ಗುಲಾಮನನ್ನು ಹೊಲಕ್ಕೆ ಮಾರಿ, ಕೂಲಿಯವನನ್ನು ಇಟ್ಟುಕೊಂಡ. (ಗೋಲ್ಡಿನ್ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು ಮಹಿಳೆಯರ ದುಡಿಮೆಯ ಮೇಲಿನ ಸಂಶೋಧನೆಗೆ. ಅವರ ಮೊದಲ ಪುಸ್ತಕ ನಗರ ಗುಲಾಮಗಿರಿಯ ಕುರಿತದ್ದು.) ನನಗೆ ಈ ವಿವರಣೆಯೇ ಗಟ್ಟಿ ಅನ್ನಿಸುತ್ತದೆ, ಯಾಕೆಂದರೆ ಅದು ಏರಿಕೆ, ಇಳಿಕೆ ಎರಡಕ್ಕೂ ಉತ್ತರ ಕೊಡುತ್ತದೆ.

ಬೆಲೆ ಏರಿಸಿದ್ದು ಹತ್ತಿ. 1850ರ ಗಣತಿಯಲ್ಲಿ ದೇಶದ ಹತ್ತಿ ಬೆಳೆ 24,45,793 ಬೇಲ್, 1860ರದ್ದರಲ್ಲಿ 53,87,052. ಬೇಲ್‌ಗೆ 400 ಪೌಂಡ್‌ನಂತೆ, ಸುಮಾರು 4.4 ಲಕ್ಷ ಟನ್‌ನಿಂದ 9.8 ಲಕ್ಷ ಟನ್‌ಗೆ, 2.2 ಪಟ್ಟು. ಬ್ರಿಟನ್ ಕೊಳ್ಳುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಅಮೆರಿಕದ್ದು. ಈ ಅವಲಂಬನೆ ಕಡಿಮೆ ಮಾಡಲು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಅವರು ತಂದ ನ್ಯೂ ಆರ್ಲಿಯನ್ಸ್ ತಳಿ ಚೆನ್ನಾಗಿ ಹಿಡಿದದ್ದು ಧಾರವಾಡದ ಎರೆಭೂಮಿಯಲ್ಲಿ. ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಅಮೆರಿಕದ ಬಂದರುಗಳು ಮುಚ್ಚಿದಾಗ, ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದ ಈ ಸೀಮೆಯ ಹತ್ತಿಗೆ ದರ ಏರಿದ್ದು ಅದರಿಂದಲೇ. ಚಾರ್ಲ್ಸ್‌ಟನ್‌ನ ಹಿತ್ತಲಿಗೂ ಗದಗದ ಹೊಲಕ್ಕೂ ನಡುವೆ ಇದ್ದದ್ದು ಒಂದೇ ಮಾರುಕಟ್ಟೆ.

ಕಡಿಮೆಯಾದ ಜನ ಎಲ್ಲಿಗೆ ಹೋದರು ಎಂಬುದಕ್ಕೂ ಅಂಕಿಯಿದೆ. 1850ರಿಂದ 1860ರಲ್ಲಿ ದೇಶದ ಒಟ್ಟು ಗುಲಾಮರು 32,04,313ರಿಂದ 39,53,760ಕ್ಕೆ, ಶೇ. 23.4ರಷ್ಟು ಹೆಚ್ಚಿದರು. ಆಮದು ನಿಷೇಧವಾಗಿದ್ದರಿಂದ ಈ ಹೆಚ್ಚಳ ಬಹುತೇಕ ಹುಟ್ಟಿನಿಂದ. ದಕ್ಷಿಣ ಕ್ಯಾರೊಲಿನಾದಲ್ಲಿ ಮಾತ್ರ 3,84,984ರಿಂದ 4,02,406ಕ್ಕೆ, ಶೇ. 4.5. ದೇಶದ ಸರಾಸರಿಯಂತೆ ಬೆಳೆದಿದ್ದರೆ ಸುಮಾರು 4,75,000 ಆಗಬೇಕಿತ್ತು. 72,000ಕ್ಕೂ ಹೆಚ್ಚು ಜನರ ಕೊರತೆ. ಅದೇ ಹತ್ತು ವರ್ಷದಲ್ಲಿ ಟೆಕ್ಸಸ್‌ನ ಗುಲಾಮರು 58,161ರಿಂದ 1,82,566ಕ್ಕೆ, ಅಂದರೆ ಶೇ. 214ರಷ್ಟು ಏರಿದರು; ಮಿಸಿಸಿಪ್ಪಿಯಲ್ಲಿ ಶೇ. 40.9. ಕೊರತೆಯ ಬಹುಪಾಲು ಪಶ್ಚಿಮದ ಹತ್ತಿ ಹೊಲಗಳಿಗೆ ಸಾಗಿತ್ತು: ಕೆಲವರು ಯಜಮಾನರ ಜೊತೆ, ಉಳಿದವರು ವ್ಯಾಪಾರಿಗಳ ಕೈಯಲ್ಲಿ. ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಜನಗಣತಿಯಲ್ಲಿ ಚಾರ್ಲ್ಸ್‌ಟನ್‌ನ ಕಾಲಮ್ ಕುಗ್ಗಿದ್ದು ಬಿಡುಗಡೆಯಿಂದಲ್ಲ. ನಗರದ ಸ್ವತಂತ್ರ ಕಪ್ಪು ಜನರ ಸಂಖ್ಯೆಯೂ ಆ ದಶಕದಲ್ಲಿ 3,441ರಿಂದ 3,237ಕ್ಕೆ ಇಳಿದಿದೆ.

ಈ ಮಾರಾಟ ನಡೆಯುತ್ತಿದ್ದ ಜಾಗವನ್ನೂ ನೋಡಬಹುದು. 1856ರಲ್ಲಿ ನಗರಸಭೆ ಬೀದಿಬದಿಯ ಹರಾಜನ್ನು ನಿಷೇಧಿಸಿದ ಮೇಲೆ ವ್ಯಾಪಾರ ಒಳಾಂಗಣಕ್ಕೆ ಹೋಯಿತು. 1859ರಲ್ಲಿ ಚಾಮರ್ಸ್ ಸ್ಟ್ರೀಟ್‌ನಲ್ಲಿ ಎದ್ದ ಹರಾಜು ಮಳಿಗೆ 1863ರವರೆಗೆ ನಡೆಯಿತು. ಈಗ ಅದು ಓಲ್ಡ್ ಸ್ಲೇವ್ ಮಾರ್ಟ್ ಮ್ಯೂಸಿಯಂ. 1860ರಲ್ಲಿ ದೇಶದ ಗುಲಾಮರ ಒಟ್ಟು ಮಾರುಕಟ್ಟೆ ಬೆಲೆ 300 ಕೋಟಿ ಡಾಲರ್‌ಗೂ ಹೆಚ್ಚು ಎಂದು ಅಂದಾಜು. ಅದೇ ವರ್ಷದ ಗಣತಿಯಲ್ಲಿ ಇಡೀ ದೇಶದ ಕೈಗಾರಿಕೆಗಳಲ್ಲಿ ಹೂಡಿದ್ದ ಬಂಡವಾಳ ಸುಮಾರು 101 ಕೋಟಿ. ಮೂರರಲ್ಲಿ ಒಂದು.

ಮ್ಯೂಸಿಯಂಗಳು ಈ ಲೆಕ್ಕವನ್ನು ಹೇಳಲು ತಡ ಮಾಡಿದವು. ವರ್ಜೀನಿಯಾ, ಜಾರ್ಜಿಯಾ, ಲೂಸಿಯಾನಾ ರಾಜ್ಯಗಳ 122 ತೋಟಮನೆ ಮ್ಯೂಸಿಯಂಗಳನ್ನು ಸುತ್ತಿ ಇಬ್ಬರು ಸಮಾಜಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಕಡೆ ಗುಲಾಮರ ಪ್ರಸ್ತಾಪವೇ ಇರಲಿಲ್ಲ ಅಥವಾ ನೆಪಕ್ಕೆ ಒಂದೆರಡು ಮಾತು ಇತ್ತು. ಈಗ ಬದಲಾವಣೆ ಕಾಣುತ್ತಿದೆ. ಸವಾನಾದ ಓವೆನ್ಸ್-ಥಾಮಸ್ ಹೌಸ್ 2018ರಲ್ಲಿ ತನ್ನ ಹೆಸರಿಗೇ ‘ಗುಲಾಮರ ವಸತಿ’ ಎಂಬುದನ್ನು ಸೇರಿಸಿಕೊಂಡಿತು. ಗ್ಯಾಡ್ಸ್‌ಡನ್ ಹಡಗುಕಟ್ಟೆಯ ಜಾಗದಲ್ಲಿ 2023ರ ಜೂನ್‌ನಲ್ಲಿ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆಯಿತು; ವೆಚ್ಚ ಸುಮಾರು 12 ಕೋಟಿ ಡಾಲರ್. ಚಾರ್ಲ್ಸ್‌ಟನ್ ನಗರಸಭೆ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೇಳುವ ನಿರ್ಣಯವನ್ನು 2018ರ ಜೂನ್ 19ರಂದು ಅಂಗೀಕರಿಸಿತು. ಪರವಾಗಿ 7 ಮತ, ವಿರುದ್ಧ 5.

ಅಲ್ಲಿಗೆ ಹೋಗುವ ಕನ್ನಡಿಗರಿಗೆ ಒಂದು ಸಲಹೆ. ಏಕಿನ್-ರೆಟ್ ಹೌಸ್, ಸ್ಲೇವ್ ಮಾರ್ಟ್, ಹಡಗುಕಟ್ಟೆಯ ಮ್ಯೂಸಿಯಂ, ಮೂರೂ ಪರಸ್ಪರ ಸುಮಾರು 2 ಕಿ.ಮೀ. ಒಳಗೆ ಇವೆ, ಒಂದೇ ದಿನದಲ್ಲಿ ನಡೆದೇ ಮುಗಿಸಬಹುದು. ಇಳಿಸಿದ ಕಟ್ಟೆ ಮೊದಲು, ದುಡಿಸಿದ ಹಿತ್ತಲು ಆಮೇಲೆ, ಮಾರಿದ ಮಳಿಗೆ ಕೊನೆಗೆ: ಈ ಕ್ರಮದಲ್ಲಿ ಹೋದರೆ 1807ರವರೆಗಿನ 39,075ರಿಂದ 1860ರ 13,909ರವರೆಗಿನ ಅಂಕಿಗಳು ಕಾಲದ ಕ್ರಮದಲ್ಲೇ ಸಿಗುತ್ತವೆ. ಏಕಿನ್ ಮನೆಯಲ್ಲಿ ಗ್ಯಾಲರಿಗಿಂತ ಹೆಚ್ಚು ಹೊತ್ತನ್ನು ಅಡುಗೆಮನೆಯ ಮೇಲಂತಸ್ತಿನಲ್ಲಿ ಕಳೆಯುವುದು ಒಳ್ಳೆಯದು.